ಕರೋಕೆಯಲ್ಲಿ ಮೊದಲ ಹಾಡು: ಐದನ್ನು ಹಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಪಾನಿ ಗಾಯಕ ಸೈಜೊ ಹಿಡೆಕಿಯ 'ಯಂಗ್ ಮ್ಯಾನ್'ಗೆ. ಜಪಾನಿನಲ್ಲಿ ಆಫೀಸಿನವರ ಜೊತೆ ಕರೋಕೆಗೆ ಹೋಗಿ, ಮೈಕು ಮೊದಲು ನಿಮ್ಮ ಕೈಗೇ ಬಂದರೆ ಹಿಂದೆಮುಂದೆ ನೋಡದೆ ಅದನ್ನೇ ಒತ್ತಿ. ಇಷ್ಟು ತಿಳಿಯಲು ನನಗೆ ಎರಡು ವರ್ಷ, ಬೇರೆ ನಾಲ್ಕು ಹಾಡು ಮತ್ತು ಮರ್ಯಾದೆ ಹೋದ ಒಂದು ರಾತ್ರಿ ಬೇಕಾಯಿತು.

ಆ ರಾತ್ರಿ ಡಿಸೆಂಬರಿನ ಬೊನೆನ್‌ಕೈ, ಅಂದರೆ ವರ್ಷದ ಕೊನೆಯ ಪಾರ್ಟಿ. ಇಜಾಕಾಯಾದಲ್ಲಿ, ಅಂದರೆ ಇಲ್ಲಿನ ಕುಡಿತ-ತಿಂಡಿಯ ಹೋಟೆಲಿನಲ್ಲಿ, ಊಟ, ಬಿಯರು ಮುಗಿಸಿ ಎರಡನೇ ಸುತ್ತಿಗೆಂದು ಯೊಕೊಹಾಮಾದ ಒಂದು ಕರೋಕೆ ಅಂಗಡಿಗೆ ಹನ್ನೊಂದು ಜನ ನುಗ್ಗಿದೆವು. ಆರು ಜನಕ್ಕೆ ಸಾಕೆನ್ನುವಂಥ ಕೋಣೆ. ಹಾಡು ಆರಿಸುವ ಟಚ್‌ಸ್ಕ್ರೀನ್ ಹಲಗೆಗೆ ಇಲ್ಲಿ ಡೆನ್ಮೊಕು ಅನ್ನುತ್ತಾರೆ. ಅದು 'ದೋಝೊ, ದೋಝೊ' (ನೀವೇ, ನೀವೇ) ಎನ್ನುತ್ತ ಕೈಯಿಂದ ಕೈಗೆ ದಾಟುತ್ತದೆಯೇ ಹೊರತು ಯಾರೂ ಒತ್ತುವುದಿಲ್ಲ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೂರಲು ಸಂಕೋಚಪಡುವ ನೆಂಟರ ಹಾಗೆ. ಕೊನೆಗೆ ಹೊಸಬನ ಮಡಿಲಲ್ಲಿ ಬಂದು ಬೀಳುತ್ತದೆ. ಮೊದಲು ಹಾಡುವವನನ್ನು ಬೇಸ್‌ಬಾಲಿನಿಂದ ಎತ್ತಿದ ಮಾತಿನಲ್ಲಿ 'ಟಾಪ್ ಬ್ಯಾಟರ್' ಎಂದು ಕರೆಯುತ್ತಾರೆ. ಆ ದಿನ ಹೊಸಬ ನಾನೇ.

ನಾನು ಒತ್ತಿದ್ದು ಬೀಜ್ ಎಂಬ ರಾಕ್ ಜೋಡಿಯ 'ಅಲ್ಟ್ರಾ ಸೋಲ್'. 2001ರಲ್ಲಿ ಫುಕುಓಕಾದಲ್ಲಿ ನಡೆದ ವಿಶ್ವ ಈಜು ಚಾಂಪಿಯನ್‌ಷಿಪ್‌ನ ಟಿವಿ ಪ್ರಸಾರಕ್ಕೆ ಬಳಸಿದ ಹಾಡು. ಪಲ್ಲವಿಯಲ್ಲಿ ಶೀರ್ಷಿಕೆ ಬಂದ ತಕ್ಷಣ ಕೋಣೆಯಲ್ಲಿದ್ದವರೆಲ್ಲ 'ಹೈ!' ಎಂದು ಕೂಗಬೇಕು, ಕೂಗಿಯೇ ಕೂಗುತ್ತಾರೆ. ಹುರುಪಿನ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ತೊಂದರೆ ಇರುವುದು ಶ್ರುತಿಯಲ್ಲಿ.

ಡೆನ್ಮೊಕುವಿನಲ್ಲಿ 'ಗೆಂಕ್ಯೊಕು ಕೀ' ಅಂತ ಒಂದು ಗುಂಡಿ ಇದೆ. ಒತ್ತಿದರೆ ಮೂಲ ಗಾಯಕ ಹಾಡಿದ ಶ್ರುತಿಗೇ ಹಾಡು ಹೋಗಿ ನಿಲ್ಲುತ್ತದೆ. ಮನೆಯ ಬಾತ್‌ರೂಮಿನಲ್ಲಿ ಹಾಡಿದಾಗ ಸರಿಯಾಗಿಯೇ ಇತ್ತಲ್ಲ ಎಂಬ ಧೈರ್ಯದಲ್ಲಿ ಒತ್ತಿದೆ. ಬೀಜ್‌ನ ಇನಾಬಾ ಕೊಶಿಯವರ ಕಂಠ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ನನ್ನದು ಮುಗಿಯುತ್ತದೆ. ಅದರ ಮೇಲೆ ಮೂರು ಬಿಯರು, ಒಂದು ತಟ್ಟೆ ಉಪ್ಪು ಹಾಕಿದ ಎದಮಾಮೆ (ಎಳೆ ಸೋಯಾ ಕಾಯಿ), ಒಂದು ಸಾಲೂ ಹಾಡಿ ಬಿಸಿಯಾಗದ ಗಂಟಲು. ಪಲ್ಲವಿ ಬಂತು, ದನಿ ಒಡೆಯಿತು. ಒಡೆದ ಜಾಗದಲ್ಲೇ ಹತ್ತು ಜನ ಒಟ್ಟಾಗಿ 'ಹೈ!' ಅಂದರು. ನಮ್ಮ ಬುಚೊ, ಅಂದರೆ ವಿಭಾಗದ ಮುಖ್ಯಸ್ಥರು, 'ಡೊನ್ಮಾಯಿ, ಡೊನ್ಮಾಯಿ' ಎಂದು ಬೆನ್ನು ತಟ್ಟಿದರು. ಕ್ಯಾಚ್ ಬಿಟ್ಟ ಹುಡುಗನಿಗೆ ಮೈದಾನದಲ್ಲಿ ಹೇಳುವ ಮಾತು ಅದು.

ಶ್ರುತಿ ಇಳಿಸಬಹುದಿತ್ತಲ್ಲ ಅನ್ನುತ್ತೀರಿ. ಇಳಿಸಿಯೂ ನೋಡಿದ್ದೇನೆ. ಮೈನಸ್ ಗುಂಡಿಯನ್ನು ಒಂದು ಸಲ ಒತ್ತಿದರೆ ಅರ್ಧ ಸ್ವರ ಇಳಿಯುತ್ತದೆ. ನಮ್ಮ ಕಡೆಯ ಯಕ್ಷಗಾನ ಭಾಗವತರ ಲೆಕ್ಕದಲ್ಲಿ ಹಾರ್ಮೋನಿಯಂನ ಕಪ್ಪು ಎರಡರಿಂದ ಬಿಳಿ ಎರಡಕ್ಕೆ ಬಂದ ಹಾಗೆ. ಆಮೇಲೆ ಭಾನುವಾರ ಬೆಳಿಗ್ಗೆ ಒಬ್ಬನೇ ಹೋಗಿ ಪರೀಕ್ಷೆ ಮಾಡಿದೆ. ಒಂಟಿ ಕರೋಕೆಗೆ ಇಲ್ಲಿ ಹಿತೊಕರಾ ಎಂಬ ಹೆಸರೇ ಇದೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಬೆಳಗಿನ ಹೊತ್ತು ಬಾಡಿಗೆಯೂ ರಾತ್ರಿಗಿಂತ ಎಷ್ಟೋ ಕಮ್ಮಿ. ಒಂದು ಪಾನೀಯ ಕೊಳ್ಳಲೇಬೇಕು, ಅಷ್ಟೇ. ಮೈನಸ್ ಎರಡು: ಪಲ್ಲವಿ ಇನ್ನೂ ಕೈಗೆಟುಕಲಿಲ್ಲ. ಮೈನಸ್ ನಾಲ್ಕು: ಪಲ್ಲವಿ ಸಿಕ್ಕಿತು, ಆದರೆ ಚರಣ ಪಾತಾಳಕ್ಕೆ ಹೋಗಿ ಕೊಟ್ಟಿಗೆಯ ಎಮ್ಮೆ ಗೊಣಗಿದಂತಾಯಿತು. ಮೈನಸ್ ಮೂರು: ಎರಡೂ ಅರ್ಧಂಬರ್ಧ. ಹಾಡಿನ ನಡುವೆಯೇ ಶ್ರುತಿ ಬದಲಿಸುವ ಉಪಾಯವನ್ನು ಮಾತ್ರ ಮಾಡಬೇಡಿ. ವಾದ್ಯಗಳೆಲ್ಲ ಒಟ್ಟಿಗೆ ಕಾಲುಜಾರಿದ ಹಾಗೆ ಕೇಳಿಸುತ್ತದೆ, ಎಷ್ಟು ಇಳಿಸಿದಿರಿ ಎಂದು ಪರದೆಯ ಮೇಲೂ ಬರುತ್ತದೆ.

ಈ ಒಂದು ಕಿರಿಕಿರಿಯಿಂದಲೇ ನನಗೆ ಬುದ್ಧಿ ಬಂದಿದ್ದು. ಕುಂದಾಪುರದ ಕಡೆ ಯಕ್ಷಗಾನದ ಆಟ ಶುರುವಾಗುವ ಮುಂಚೆ ಚೆಂಡೆ ಮದ್ದಳೆಯಲ್ಲಿ 'ಕೇಳಿ' ಎಂಬ ಬಡಿತ ಬಡಿಯುತ್ತಾರೆ. ಅದರಲ್ಲಿ ಕತೆ ಇಲ್ಲ, ಪದ್ಯ ಇಲ್ಲ. ಇವತ್ತು ಆಟ ಇದೆ ಎಂದು ಗದ್ದೆಯಾಚೆಯ ಮನೆಗೆ ಗೊತ್ತಾದರೆ ಅದರ ಕೆಲಸ ಮುಗಿಯಿತು. ಕರೋಕೆಯ ಮೊದಲ ಹಾಡೂ ಅಂಥ 'ಕೇಳಿ'ಯೇ. ನಾನು ಅಲ್ಲಿ ಭಾಗವತಿಕೆ ಮಾಡಲು ಹೋಗಿದ್ದೆ.

ಎರಡನೆಯದು ದಿ ಬ್ಲೂ ಹಾರ್ಟ್ಸ್‌ನ 'ಲಿಂಡಾ ಲಿಂಡಾ', 1987ರ ಪಂಕ್ ಹಾಡು. ಗಂಟಲಿಗೆ ಕಷ್ಟವಿಲ್ಲ, ಶ್ರುತಿ ತಪ್ಪಿದರೂ ಪಂಕ್ ಎಂದುಕೊಂಡು ಬಿಟ್ಟುಬಿಡುತ್ತಾರೆ, ಪಲ್ಲವಿಯಲ್ಲಿ ಹೆಸರನ್ನೇ ಕೂಗುತ್ತ ನೆಗೆದರಾಯಿತು. ಹಾಡಾಗಿ ಐದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದೂ ಇದೇ. ಆದರೆ ಶುರುವಿನ ಸಾಲುಗಳು ಮೆಲ್ಲಗೆ, ಹೆಚ್ಚುಕಮ್ಮಿ ಬರೀ ದನಿಯಲ್ಲಿ ಬರುತ್ತವೆ. ಮೂರನೇ ಹಾಡಾಗಿದ್ದರೆ ಆ ನಿಶ್ಶಬ್ದ ಚೆಂದ. ಮೊದಲ ಹಾಡಾದರೆ ಆ ಹೊತ್ತಿನಲ್ಲಿ ಎಲ್ಲರೂ ಮೆನು ನೋಡುತ್ತಿರುತ್ತಾರೆ, ಕೋಟು ನೇತುಹಾಕುತ್ತಿರುತ್ತಾರೆ. ಸರಿಯಾಗಿ ಅದೇ ಗಳಿಗೆಗೆ ಬಾಗಿಲು ತೆರೆದು ಪಾನೀಯದ ಟ್ರೇ ಹಿಡಿದ ಹುಡುಗಿ ಒಳಗೆ ಬಂದಳು. ಅವಳು ಹನ್ನೊಂದು ಲೋಟ ಇಳಿಸುವವರೆಗೂ ನಾನು ಗೋಡೆ ನೋಡಿಕೊಂಡು ಮೆಲುದನಿಯಲ್ಲಿ ಹಾಡಿದೆ. ಕರೋಕೆಗೆ ಹೋದ ಯಾರನ್ನು ಕೇಳಿದರೂ ಈ ಸಂಕಟ ಗೊತ್ತು.

ಗೋಲ್ಡನ್ ಬಾಂಬರ್‌ನ 'ಮೆಮೆಶಿಕುತೆ' ಬಂದದ್ದು 2009ರಲ್ಲಿ. ವಾದ್ಯ ನುಡಿಸದೆ ನುಡಿಸುವಂತೆ ನಟಿಸುವ ತಂಡ ಇದು. ಒಂದೇ ಹಾಡನ್ನು 2012ರಿಂದ 2015ರವರೆಗೆ ನಾಲ್ಕು ವರ್ಷ ಸತತವಾಗಿ ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯ ವರ್ಷಾಂತ್ಯದ ಹಾಡಿನ ಕಾರ್ಯಕ್ರಮ ಕೊಹಾಕುವಿನಲ್ಲಿ ಹಾಡಿದರು. ಕೋಣೆ ಎದ್ದು ಕುಣಿಯುತ್ತದೆ, ನಿಜ. ನಾನೂ ಕುಣಿದೆ, ಮಾರನೆಯ ದಿನ ಮೊಣಕಾಲು ನೋವು. ಹೋಗಲಿ, ಅದರ ನಂತರ ಹಾಡಬೇಕಾದವನ ಗತಿ ಏನು? ನಮ್ಮ ತಂಡದಲ್ಲಿ ಒಬ್ಬ ಮೆಲುಮಾತಿನ ಹಿರಿಯರು ಭಾವಗೀತೆಯಂಥದೊಂದನ್ನು ಆರಿಸಿಟ್ಟಿದ್ದವರು ಸುಮ್ಮನೆ ಅದನ್ನು ರದ್ದು ಮಾಡಿದರು.

ವೌಂಡಿ ಎಂಬ ಯುವ ಗಾಯಕನ 'ಕೈಜು ನೊ ಹನಾಉತಾ' 2020ರದು. ಎಲ್ಲರೂ ಮೂವತ್ತರ ಒಳಗಿದ್ದರೆ ಇದೇ ಹಾಡಿ, ಬುಚೊ ಇದ್ದರೆ ಬೇಡ.

ಇನ್ನು ನನ್ನ ಹಾಡು. ಅಮೆರಿಕದ ವಿಲೇಜ್ ಪೀಪಲ್ 1978ರಲ್ಲಿ ತಂದ 'ವೈ.ಎಮ್.ಸಿ.ಎ.'ಯನ್ನು ಸೈಜೊ ಹಿಡೆಕಿ 1979ರಲ್ಲಿ ಜಪಾನಿ ಭಾಷೆಯಲ್ಲಿ 'ಯಂಗ್ ಮ್ಯಾನ್' ಎಂದು ಹಾಡಿದರು. ಆಗಿನ 'ದಿ ಬೆಸ್ಟ್ ಟೆನ್' ಟಿವಿ ಕಾರ್ಯಕ್ರಮದಲ್ಲಿ ಅದಕ್ಕೆ 9999 ಅಂಕ ಬಂದಿತ್ತು, ಅದಕ್ಕಿಂತ ಹೆಚ್ಚು ಕೊಡುವ ಪದ್ಧತಿಯೇ ಇರಲಿಲ್ಲ. ಸೈಜೊ 2018ರಲ್ಲಿ ತೀರಿಕೊಂಡರೂ ಹಾಡು ಹೋಗಿಲ್ಲ. ಅರವತ್ತು ಹತ್ತಿರವಾದ ಬುಚೊಗೂ ಗೊತ್ತು, ಹೋದ ಏಪ್ರಿಲ್‌ನಲ್ಲಿ ಸೇರಿದ ಹುಡುಗನಿಗೂ ಗೊತ್ತು. ಕಹಳೆಗಳು ಮೊಳಗಿದ ಎರಡನೇ ಸೆಕೆಂಡಿಗೆ ಕೋಣೆಯಲ್ಲಿ ಇಟ್ಟಿರುವ ತಂಬೂರಿನ್ (ಗೆಜ್ಜೆ ಕಟ್ಟಿದ ಬಳೆಯಂಥ ವಾದ್ಯ) ಒಬ್ಬರ ಕೈಗೆ, ಮರಾಕಾಸ್ ಎಂಬ ಗಿಲಕಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಪಲ್ಲವಿ ಬಂದಾಗ ಎಲ್ಲರ ಕೈಯೂ ಮೇಲೆ, ವೈ, ಎಮ್, ಸಿ, ಎ ಅಕ್ಷರಗಳನ್ನು ಗಾಳಿಯಲ್ಲಿ ತೋಳಿನಿಂದಲೇ ಬರೆಯಲು. ಆಗ ನಿಮ್ಮ ದನಿ ಯಾರಿಗೂ ಕೇಳಿಸುವುದಿಲ್ಲ. ನನಗೆ ಬೇಕಾದದ್ದೂ ಅದೇ.

ಕನ್ನಡದ ಬಾಯಿಗೂ ಇದು ಹೇಳಿ ಮಾಡಿಸಿದಂತಿದೆ. ಜಪಾನಿಗರು ಎಮ್ ಅನ್ನುವುದಿಲ್ಲ, 'ಎಮು' ಅನ್ನುತ್ತಾರೆ. ಬಸ್ಸು, ಪೆನ್ನು, ಬುಕ್ಕು ಎಂದು ಬೆಳೆದ ನಾವು ಆ 'ಉ'ಕಾರ ಕಲಿಯಲು ಕಷ್ಟಪಡಬೇಕಿಲ್ಲ. ಪರದೆಯಲ್ಲಿ ಕಾಂಜಿಗಳ, ಅಂದರೆ ಚೀನೀ ಮೂಲದ ಕಷ್ಟದ ಅಕ್ಷರಗಳ, ನೆತ್ತಿಯ ಮೇಲೆ ಉಚ್ಚಾರ ಹೇಳುವ ಸಣ್ಣ ಹಿರಗಾನ ಅಕ್ಷರ ಬರುತ್ತದೆ, ಒಂದನೇ ಕ್ಲಾಸಿನ ಮಗುವಿನ ಹಾಗೆ ಓದುವ ನನಗೂ ಸಾಲಿನ ಮೇಲೆ ಬಣ್ಣ ಓಡುವ ಮುಂಚೆ ಅದು ಸಿಗುತ್ತದೆ. ಮೈನಸ್ ಎರಡು ಸಾಕು. ಹಿತೊಕರಾಕ್ಕೆ ಹೋಗಿ ಅಭ್ಯಾಸ ಮಾಡುವ ಖರ್ಚೂ ಇಲ್ಲ, ಅಲ್ಟ್ರಾ ಸೋಲ್‌ಗೆ ಸುರಿದ ಯೆನ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದೋಷ ಇಲ್ಲವೆಂದಲ್ಲ. ಹಾಡು ನಾಲ್ಕು ನಿಮಿಷ ದಾಟುತ್ತದೆ, ಎರಡನೇ ಪಲ್ಲವಿ ಆದ ಮೇಲೆ ನಿಲ್ಲಿಸುವ ಗುಂಡಿ ಒತ್ತಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. 'ಎಮು'ವಿಗೆ ಮೊಣಕೈ ಅಗಲವಾದಾಗ ಪಕ್ಕದವರ ಲೆಮನ್ ಸಾವರ್ (ನಿಂಬೆ ಹಾಕಿದ ಮದ್ಯ) ಲೋಟ ಉರುಳಿದ್ದಿದೆ. ಕಂಠ ಚೆನ್ನಾಗಿದ್ದು ಅದನ್ನು ತೋರಿಸಬೇಕು ಎನ್ನುವವರಿಗೆ ಈ ಹಾಡಿನಲ್ಲಿ ಜಾಗವಿಲ್ಲ, ಅವರು ಅಲ್ಟ್ರಾ ಸೋಲನ್ನೇ ಹಾಡಲಿ, ನಾನು 'ಹೈ!' ಅನ್ನುತ್ತೇನೆ.

ಹುಡುಕುವಾಗ ಒಂದು ಎಚ್ಚರಿಕೆ. ಪಟ್ಟಿಯಲ್ಲಿ ವಿಲೇಜ್ ಪೀಪಲ್‌ನ ಇಂಗ್ಲಿಷ್ ಮೂಲವೂ ಇರುತ್ತದೆ. ನಾನು ಒಮ್ಮೆ ಅವಸರದಲ್ಲಿ ಅದನ್ನೇ ಕಳಿಸಿಬಿಟ್ಟೆ. ಪಲ್ಲವಿಗೆ ಕೈಗಳೇನೋ ಎದ್ದವು, ಚರಣದುದ್ದಕ್ಕೂ ಹತ್ತು ಜನ ನನ್ನ ಮುಖವನ್ನೇ ನೋಡುತ್ತ ಕೂತರು. ಇಂಗ್ಲಿಷ್ ಬರುವ ಭಾರತೀಯ, ಅವನೇ ಹಾಡಿಕೊಳ್ಳಲಿ ಎಂದು. ಗಾಯಕರ ಹೆಸರು ನೋಡಿಕೊಂಡು ಒತ್ತಿ.