ಡೊಂಬಿವಲಿ ಲೋಕಲ್‌ನಲ್ಲಿ ಮೂರು ಪೆಟ್ಟಿಗೆ ನೈಟ್‌ಗಳು

ಕಳೆದ ವರ್ಷ ಮಳೆ ಶುರುವಾಗುವ ಮೊದಲು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಮೂರು ಪೆಟ್ಟಿಗೆ ಬಂದವು. ಮೂರರಲ್ಲೂ ಪ್ಲಾಸ್ಟಿಕ್ ನೈಟ್‌ಗಳು. ಅಂದರೆ ಹಳೇ ಯುರೋಪಿನ ಕವಚ ತೊಟ್ಟ ಕುದುರೆ ಸವಾರರು. ಒಂದು ಇಂಗ್ಲೆಂಡಿನ ಪೆರಿ ಮಿನಿಯೇಚರ್ಸ್‌ನವರ ಅಜಿನ್‌ಕೋರ್ ಕಾಲದ ಸವಾರರು, ಅಂದರೆ ಇಂಗ್ಲಿಷರು, ಫ್ರೆಂಚರು ಅಲ್ಲಿ ಕಾದಾಡಿದ 1415ರಿಂದ 1429ರವರೆಗಿನವರು. ಇನ್ನೊಂದು ಇಟಲಿಯ ಫೈರ್‌ಫೋರ್ಜ್ ಗೇಮ್ಸ್‌ನ ಟೆಂಪ್ಲರ್ ಸವಾರರು, ಅಂದರೆ ಧರ್ಮಯುದ್ಧದ ಕಾಲದ ಕ್ರೈಸ್ತ ಸನ್ಯಾಸಿ ಯೋಧರು. ಇವೆರಡೂ 28 ಎಂಎಂ ಅಳತೆ, ಅಂದರೆ ನಿಂತ ಆಳು ಸುಮಾರು ಅಷ್ಟು ಎತ್ತರ, ಪೆಟ್ಟಿಗೆಗೆ 12 ಜನ. ಮೂರನೆಯದು 1/72 ಅಳತೆಯ, ಅಂದರೆ ನಿಜದ ಆಳಿನ 72ನೇ ಒಂದು ಪಾಲಿನ, ಮೆತ್ತನೆ ಪ್ಲಾಸ್ಟಿಕ್ಕಿನದು, ಇಟಲೇರಿ, ಜ್ವೆಜ್ಡಾ ಎಲ್ಲ ಮಾಡುತ್ತಾರಲ್ಲ, ಆ ಜಾತಿಯದ್ದು.

ಯಾಕೆ ಮೂರು ಅಂದರೆ, ಮುಂಬೈಯ ಮಾಟುಂಗಾದಲ್ಲಿರುವ ಭಾವ ಮತ್ತು ನಾನು ತಿಂಗಳಿಗೊಂದು ಆದಿತ್ಯವಾರ ಮೇಜಿನ ಮೇಲೆ ಯುದ್ಧ ಆಡುತ್ತೇವೆ. ದಾಳ, ಅಳತೆ ಟೇಪು, ಒಂದು ಹಸಿರು ಬಟ್ಟೆ, ಬೊಂಬೆಗಳು. ಭಾವನ ಹತ್ತಿರ ಬಿಲ್ಲುಗಾರರ ದಂಡೇ ಇದೆ. ನನ್ನ ಕಡೆ ಕುದುರೆಯೇ ಇರಲಿಲ್ಲ. ಯಾವುದು ತಗೊಳ್ಳಲಿ ಅಂತ ಆರು ತಿಂಗಳು ಯೋಚನೆ ಮಾಡಿದೆ. ಕೊನೆಗೆ ಬೋನಸ್ ಬಂದ ವಾರ ತಲೆ ಕೆಟ್ಟು ಮೂರನ್ನೂ ತರಿಸಿದೆ. ನೋಡಲು ಯಾವುದು ಚೆಂದ ಅನ್ನುವುದು ಒಂದು ಪ್ರಶ್ನೆ, ಯಾವುದು ಲೋಕಲ್ ರೈಲಿನಲ್ಲಿ ಇಡಿಯಾಗಿ ಮಾಟುಂಗಾ ಮುಟ್ಟುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ ಅಂತ ಆಗ ನನಗೆ ಹೊಳೆದಿರಲಿಲ್ಲ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನಾವು ಎಷ್ಟೇ "ಇದು ಹವ್ಯಾಸ, ಇತಿಹಾಸ" ಅಂದರೂ ಲೆಕ್ಕದಲ್ಲಿ ಇದು ಆಟಿಕೆಯೇ. ಪೋಸ್ಟ್‌ಮ್ಯಾನ್‌ಗೆ ಸುಂಕದ ನೋಟು ಎಣಿಸಿ ಕೊಡುವಾಗ ಹೆಂಡತಿ ಒಳಗಿಂದ, "ಇದು ಬೊಂಬೆ ಕುದುರೆಗಾ, ನಿಜವಾದ ಕುದುರೆಗಾ?" ಅಂದಳು. ಸಾಗಣೆ, ಸುಂಕ ಎಲ್ಲ ಸೇರಿ ಪೆರಿ, ಫೈರ್‌ಫೋರ್ಜ್ ಎರಡೂ ಸವಾರನಿಗೆ 400 ರೂಪಾಯಿ ಆಚೀಚೆ ಬಿದ್ದವು. 1/72 ಪೆಟ್ಟಿಗೆ ಮುಂಬೈಯ ಅಂಗಡಿಯಲ್ಲೇ ಸಿಕ್ಕಿತು, ತಲೆಗೆ 100 ರೂಪಾಯಿಯೂ ಆಗಲಿಲ್ಲ. ದುಡ್ಡೊಂದೇ ಮುಖ್ಯ ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು.

ಪೆರಿ ಪೆಟ್ಟಿಗೆ ಬಿಚ್ಚಿದರೆ ಆಟ ಶುರುವಾಗುವ ಮೊದಲಿನ ಯಕ್ಷಗಾನದ ಚೌಕಿ ನೋಡಿದ ಹಾಗೆ. ಕೈಗಳು ಒಂದು ಕಡೆ, ತಲೆಗಳು ಒಂದು ಕಡೆ, ಕತ್ತಿ, ಗುರಾಣಿ, ಕುದುರೆಯ ಅರ್ಧ ಹೊಟ್ಟೆ. ಯಾವ ತಲೆ ಯಾವ ಮೈಗೆ ಅಂತ ನಾವೇ ತೀರ್ಮಾನ ಮಾಡಬೇಕು. ಮುಖ ಮುಚ್ಚಿದ ಶಿರಸ್ತ್ರಾಣ ಬೇಕಾ, ಮುಸುಕು ಎತ್ತಿ ಮೀಸೆ ಕಾಣಿಸುವುದು ಬೇಕಾ? ನಾನು ಒಬ್ಬನಿಗೆ ತಲೆ ಆರಿಸಲು ಕಾಲು ಗಂಟೆ ಕೂತದ್ದುಂಟು. ಈ ಕಂಪನಿ ಮೈಕಲ್ ಮತ್ತು ಅಲನ್ ಪೆರಿ ಅನ್ನುವ ಅವಳಿ ಸೋದರರದ್ದು. 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಹಳೇ ಯುದ್ಧವನ್ನು ವೇಷ ಹಾಕಿ ಆಡಿ ತೋರಿಸುವಾಗ ಫಿರಂಗಿ ಅವಘಡದಲ್ಲಿ ಮೈಕಲ್ ಬಲಗೈ ಕಳೆದುಕೊಂಡರು. ಆಮೇಲೆ ಎಡಗೈಯಲ್ಲಿ ಕೆತ್ತುವುದನ್ನು ಕಲಿತರು. ಆ ಕವಚದ ಮೊಣಕಾಲು ಚಿಪ್ಪಿನ ಅಂಚು, ಸೊಂಟದ ಪಟ್ಟಿಯ ಬಕಲ್ ನೋಡುವಾಗ ನನಗೆ ಇದು ನೆನಪಾಗುತ್ತದೆ. ನನಗೆ ಎರಡು ಕೈ ಇದ್ದೂ ಒಂದು ಬಕಲ್‌ಗೆ ಬಣ್ಣ ಹಚ್ಚಲು ಆಗುವುದಿಲ್ಲ.

ಅಂಟಿನ ವಿಷಯ ಸ್ವಲ್ಪ ಹೇಳಲೇಬೇಕು, ಹೊಸಬರು ಎಡವುವುದು ಇಲ್ಲೇ. ಪೆರಿ, ಫೈರ್‌ಫೋರ್ಜ್ ಎರಡೂ ಗಟ್ಟಿ ಪಾಲಿಸ್ಟೈರೀನ್. ಇದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಬೇಕು. ನಾನು ಬಳಸಿದ್ದು ಟಮಿಯಾದ ಎಕ್ಸ್‌ಟ್ರಾ ಥಿನ್, ಹಸಿರು ಮುಚ್ಚಳದ ಸಣ್ಣ ಬಾಟಲಿ, ಮುಚ್ಚಳದಲ್ಲೇ ಬ್ರಷ್. ಇದು ಫೆವಿಕ್ವಿಕ್ ಥರ ನಡುವೆ ಕೂತು ಹಿಡಿಯುವುದಿಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ತುಂಡುಗಳನ್ನು ಒತ್ತಿ ಹಿಡಿದು ಸಂದಿಗೆ ಬ್ರಷ್ ಮುಟ್ಟಿಸಿದರೆ ಸಾಕು, ನೀರಿನ ಹಾಗೆ ತಾನೇ ಒಳಗೆ ಹರಿಯುತ್ತದೆ. ಆದರೆ ಸಂದಿಯ ಮೇಲೆ ಬೆರಳಿದ್ದರೆ ಬೆರಳಡಿಗೂ ಹರಿಯುತ್ತದೆ. ನನ್ನ ಮೂರನೆಯ ನೈಟ್‌ನ ಬೆನ್ನಿನ ಮೇಲೆ ಇವತ್ತಿಗೂ ನನ್ನ ಹೆಬ್ಬೆರಳಿನ ಗೆರೆ ಇದೆ. ಆಧಾರ್‌ಗೆ ಕೊಟ್ಟಷ್ಟು ಸ್ಪಷ್ಟವಾಗಿ.

ಕುದುರೆಗಳು ಎರಡು ಹೋಳಾಗಿ ಬರುತ್ತವೆ. ಎಷ್ಟು ಒತ್ತಿ ಅಂಟಿಸಿದರೂ ಬೆನ್ನು, ಎದೆಯ ಮೇಲೆ ಒಂದು ಗೆರೆ ಉಳಿಯುತ್ತದೆ. ಅದಕ್ಕೆ ಪುಟ್ಟಿ ಕೊಳ್ಳಬೇಡಿ. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಫ್ರೇಮ್ ಇದೆಯಲ್ಲ, ಅದನ್ನು ಚೂರು ಮಾಡಿ ಬಾಟಲಿಯ ತಳದಲ್ಲಿ ಉಳಿದ ಅಂಟಿಗೆ ಹಾಕಿಡಿ. ಒಂದು ರಾತ್ರಿಯಲ್ಲಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಹಲ್ಲುಕಡ್ಡಿಯಲ್ಲಿ ಸವರಿ, ಮರುದಿನ ಉಜ್ಜಿದರೆ ಗೆರೆ ಎಲ್ಲಿತ್ತು ಅಂತ ಹುಡುಕಬೇಕು. ಕಿಟಕಿ ಮಾತ್ರ ತೆರೆದಿರಲಿ. ಆ ವಾಸನೆಗೆ ನನಗೆ ಒಂದು ಸಂಜೆ ತಲೆ ತಿರುಗಿತ್ತು.

ಪೆರಿಯ ಒಬ್ಬ ಸವಾರನನ್ನು ನಿಲ್ಲಿಸಲು ನನಗೆ 40 ನಿಮಿಷ ಬೇಕಾಯಿತು. ಟೆಂಪ್ಲರ್‌ಗೆ 25. ಫೈರ್‌ಫೋರ್ಜ್ ತುಂಡುಗಳು ಕೈಗೆ ಸ್ವಲ್ಪ ದಪ್ಪ. ಕೈ, ಕತ್ತಿ, ಗುರಾಣಿ ಎಲ್ಲ ಹಿಡಿದರೆ ಹಿಡಿದ ಹಾಗೆ ಅನ್ನಿಸುತ್ತದೆ. ಒಂಬತ್ತು ವರ್ಷದ ಮಗಳು ನಾಲ್ಕು ಕುದುರೆ ಅವಳೇ ಜೋಡಿಸಿದಳು. ಡೊಳ್ಳು ಕವುಚಿದ ಹಾಗಿರುವ ಆ ಹಳೇ ಶಿರಸ್ತ್ರಾಣದಲ್ಲಿ ಕಣ್ಣಿಗೆ ಒಂದು ಸೀಳು, ಉಸಿರಿಗೆ ಸಣ್ಣ ತೂತು ಬಿಟ್ಟರೆ ಏನೂ ಇಲ್ಲ. "ಇವನಿಗೆ ಮೂಗು ಕೆರೆದರೆ ಏನ್ ಮಾಡ್ತಾನೆ ಪಪ್ಪಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

1/72ರವನು ಎರಡು ನಿಮಿಷ. ಸವಾರ ಪೂರ್ತಿ ಒಂದೇ ತುಂಡು, ಕುದುರೆ ಮೇಲೆ ಕೂರಿಸಿದರೆ ಆಯಿತು. ಈ ಮೆತ್ತನೆ ಪ್ಲಾಸ್ಟಿಕ್ಕಿಗೆ ಸಿಮೆಂಟೂ ಹಿಡಿಯುವುದಿಲ್ಲ, ಫೆವಿಕ್ವಿಕ್ಕೂ ನೆಟ್ಟಗೆ ಹಿಡಿಯುವುದಿಲ್ಲ. ಪೆಟ್ಟಿಗೆಯಲ್ಲಿ ಒತ್ತಿಕೊಂಡು ಬಂದ ಈಟಿಗಳು ಬಾಳೆಹಣ್ಣಿನ ಹಾಗೆ ಬಾಗಿರುತ್ತವೆ. ಬಿಸಿ ನೀರಲ್ಲಿ ಅದ್ದಿ, ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಸರಿಯಾಗುತ್ತದೆ. ನಾನು ಚಹಾ ಸೋಸುವ ಜರಡಿಯಲ್ಲಿ ಇಟ್ಟು ಅದ್ದಿದೆ. ಈಗ ಮನೆಯಲ್ಲಿ ಎರಡು ಜರಡಿ ಇದೆ, ಒಂದರ ಹಿಡಿಗೆ ಕೆಂಪು ದಾರ ಕಟ್ಟಿದೆ.

ಬಣ್ಣದಲ್ಲಿ ನಾನು ಅಂದುಕೊಂಡದ್ದೆಲ್ಲ ತಿರುಗುಮುರುಗಾಯಿತು. ಟೆಂಪ್ಲರ್ ಸುಲಭ ಅಂತ ಲೆಕ್ಕ ಹಾಕಿದ್ದೆ. ಬಿಳಿ ಬಟ್ಟೆ, ಕೆಂಪು ಶಿಲುಬೆ, ಮುಗೀತು. 1129ರಲ್ಲಿ ಫ್ರಾನ್ಸಿನ ತ್ರುವಾದಲ್ಲಿ ಸೇರಿದ ಕ್ರೈಸ್ತ ಧರ್ಮಸಭೆಯಲ್ಲಿ ಬರೆದ ಅವರ ನಿಯಮದಲ್ಲಿ ಕಡಿವಾಣ, ರಿಕಾಪಿಗೆ ಬಂಗಾರ ಬೆಳ್ಳಿಯ ಒಡವೆ ಕೂಡದು ಅಂತಲೇ ಇದೆ. ಕೆಂಪು ಶಿಲುಬೆ ಪೋಪ್ ಮೂರನೇ ಯುಜೀನಿಯಸ್ ಕಾಲದಲ್ಲಿ, 1147ರ ಹೊತ್ತಿಗೆ ಬಂದದ್ದು. ಒಬ್ಬೊಬ್ಬನಿಗೆ ಒಂದೊಂದು ಲಾಂಛನ ಬರೆಯುವ ಕಷ್ಟ ಇಲ್ಲ. ಆದರೆ ಬಿಳಿ ಬಣ್ಣ ಹಚ್ಚಿದವರಿಗೇ ಗೊತ್ತು. ಒಂದು ಕೈ ಹಚ್ಚಿದರೆ ಹಿಂದಿನದು ಕಾಣುತ್ತದೆ, ದಪ್ಪ ಹಚ್ಚಿದರೆ ಸುಣ್ಣ ಬಳಿದ ಗೋಡೆ. ಮೊದಲು ತಿಳಿ ಬೂದು, ಆಮೇಲೆ ತೆಳ್ಳಗೆ ಬಿಳಿ, ಮಡಿಕೆಗಳನ್ನು ಬಿಟ್ಟು ಮತ್ತೆ ಬಿಳಿ. ಕುದುರೆ ಮೇಲೆ ಹೊದೆಸಿದ ಬಟ್ಟೆಗೂ ಅದೇ ಕಥೆ. ಸಾಲದ್ದಕ್ಕೆ ಜುಲೈ ತಿಂಗಳು. ಸ್ಪ್ರೇ ಪ್ರೈಮರ್ ಮಳೆಗಾಲದ ಗಾಳಿಯಲ್ಲಿ ಹೊಡೆಯಬೇಡ ಅಂತ ಎಲ್ಲರೂ ಹೇಳುತ್ತಾರೆ. ಬಾಲ್ಕನಿಯಲ್ಲಿ ಹೊಡೆದೇ ಬಿಟ್ಟೆ. ಎರಡು ಕುದುರೆ ರವೆಯಲ್ಲಿ ಹೊರಳಿಸಿದ ಹಾಗೆ ತರಿತರಿಯಾದವು. ಉಳಿದವಕ್ಕೆ ಬ್ರಷ್‌ನಲ್ಲೇ ಪ್ರೈಮರ್ ಹಚ್ಚಿದೆ.

ಪೆರಿಯವರು ಕಷ್ಟ ಕೊಡುತ್ತಾರೆ ಅಂದುಕೊಂಡರೆ ಎರಡೇ ಸಂಜೆ. 1415ರ ಹೊತ್ತಿಗೆ ಶ್ರೀಮಂತ ನೈಟ್ ತಲೆಯಿಂದ ಕಾಲಿನವರೆಗೆ ಉಕ್ಕಿನ ತಗಡಿನಲ್ಲೇ ಇರುತ್ತಿದ್ದ, ಮೇಲಂಗಿ ಇಲ್ಲದೆ ಬರೀ ಉಕ್ಕಲ್ಲಿ ತೋರಿಸಿದರೂ ತಪ್ಪಿಲ್ಲ. ಕಪ್ಪು ಹಚ್ಚಿ, ಒಣ ಬ್ರಷ್‌ನಲ್ಲಿ ಬೆಳ್ಳಿ ಬಣ್ಣ ಒರೆಸಿ, ಸಂದಿಗೆ ನೀರು ಮಾಡಿದ ಕಪ್ಪು ಬಿಟ್ಟರೆ ಕೆತ್ತನೆಯೇ ಉಳಿದ ಕೆಲಸ ಮಾಡುತ್ತದೆ. ಮೂವರಿಗೆ ಮಾತ್ರ ಬಣ್ಣದ ಮೇಲಂಗಿ ಕೊಟ್ಟೆ, ಕಣ್ಣಿಗೆ ಬೇಕಲ್ಲ ಅಂತ. 1/72ರವರಿಗೆ ಸೋಪು ನೀರಲ್ಲಿ ಸ್ನಾನ, ನೀರು ಬೆರೆಸಿದ ಫೆವಿಕಾಲ್‌ನ ಒಂದು ಕೋಟು, ಆಮೇಲೆ ಬಣ್ಣ. ಇಷ್ಟೆಲ್ಲ ಮಾಡಿದರೂ ಈಟಿ ಬಾಗಿದಾಗ ತುದಿಯಿಂದ ಬಣ್ಣ ಚಕ್ಕೆ ಏಳುತ್ತದೆ.

ಇನ್ನು ನಿಜವಾದ ಪರೀಕ್ಷೆ, ಲೋಕಲ್.

ಮುಂಬೈಯಲ್ಲಿ ಆದಿತ್ಯವಾರ ಅಂದರೆ ಸೆಂಟ್ರಲ್ ಲೈನ್‌ನಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಯ ದಿನ. ಗಾಡಿ ಕಡಿಮೆ, ಜನ ಅಷ್ಟೇ. ಪ್ರತಿ ಬೊಂಬೆಯ ಬೇಸ್ ಕೆಳಗೆ ಸಣ್ಣ ಮ್ಯಾಗ್ನೆಟ್ ಅಂಟಿಸಿ, ದೀಪಾವಳಿಗೆ ಬಂದ ಬಿಸ್ಕಿಟಿನ ತಗಡಿನ ಡಬ್ಬದಲ್ಲಿ ನಿಲ್ಲಿಸಿದ್ದೆ. ತಗಡಿಗೆ ಕಚ್ಚಿಕೊಂಡು ನಿಲ್ಲುತ್ತವೆ, ಒಳ್ಳೇ ಉಪಾಯ. ಆದರೆ ಪೆರಿಯವರು ಲ್ಯಾನ್ಸನ್ನು, ಅಂದರೆ ಆ ಉದ್ದ ಈಟಿಯನ್ನು, ಮೇಲೆತ್ತಿ ಹಿಡಿದಿದ್ದರು. ಮುಚ್ಚಳ ಹಾಕಲು ಆಗಲಿಲ್ಲ. ಸರಿ ಅಂತ ಡಬ್ಬದ ಗೋಡೆಗೆ ಅಡ್ಡವಾಗಿ ಕಚ್ಚಿಸಿದೆ. ಠಾಣೆಯಲ್ಲಿ ಜನ ನುಗ್ಗಿದರು. ನಾನು ಡಬ್ಬವನ್ನು ಎದೆಗೆ ಅವಚಿಕೊಂಡೆ. ಒಬ್ಬರ ಬ್ಯಾಗು ಡಬ್ಬಕ್ಕೆ ಗುದ್ದಿತು. ಒಳಗಿಂದ ಸಣ್ಣಗೆ ಟಿಕ್ ಅಂತ ಕೇಳಿಸಿತು. ಆಮೇಲೆ ಇನ್ನೊಂದು ಟಿಕ್.

ಭಾವನ ಮನೆಯಲ್ಲಿ ತೆರೆದು ನೋಡಿದರೆ ಪೆರಿಯ ಮೂರು ಲ್ಯಾನ್ಸ್ ಮುರಿದಿದ್ದವು. ಟೆಂಪ್ಲರ್‌ಗಳಲ್ಲಿ ಒಂದೂ ಇಲ್ಲ. 1/72ರವರು ಮ್ಯಾಗ್ನೆಟ್ ಬಿಟ್ಟು ಡಬ್ಬದ ತುಂಬ ಉರುಳಾಡಿಯೂ ಏನೂ ಆಗದ ಹಾಗೆ ಇದ್ದರು, ಬಣ್ಣದ ಎರಡು ಚಕ್ಕೆ ಬಿಟ್ಟರೆ. ಇದರಲ್ಲಿ ಪೆರಿಯವರ ತಪ್ಪೇನೂ ಇಲ್ಲ ಬಿಡಿ. ಲ್ಯಾನ್ಸ್ ಇರಬೇಕಾದಷ್ಟೇ ಸಪೂರ ಮಾಡಿದ್ದಾರೆ. ಅಡ್ಡ ಮಲಗಿಸಿ ಠಾಣೆ ದಾಟಿಸಿದ್ದು ನಾನು.

ಆಟ ಅಜಿನ್‌ಕೋರ್‌ದೇ ಇಟ್ಟುಕೊಂಡಿದ್ದೆವು. 1415ರ ಅಕ್ಟೋಬರ್ 25, ರಾತ್ರಿಯಿಡೀ ಮಳೆ, ಉತ್ತ ಹೊಲದ ಕೆಸರು, ಎದುರಿಗೆ ಚೂಪು ಗೂಟ ನೆಟ್ಟು ನಿಂತ ಇಂಗ್ಲಿಷ್ ಬಿಲ್ಲುಗಾರರು. ನಮ್ಮ ನಿಯಮದಲ್ಲಿ ಒಂದು ದಳಕ್ಕೆ 6 ಕುದುರೆ, ಹಾಗಾಗಿ ಒಂದು ಪೆಟ್ಟಿಗೆಗೆ ಸರಿಯಾಗಿ ಎರಡು ದಳ. ಶತ್ರು ಹತ್ತಿರ ಕಂಡರೆ ನೈಟ್‌ಗಳು ನಮ್ಮ ಮಾತು ಕೇಳುವುದಿಲ್ಲ, ನುಗ್ಗಿಬಿಡುತ್ತಾರೆ ಅಂತಲೂ ನಿಯಮ ಇದೆ. ನನ್ನವರು ಎರಡನೇ ಸುತ್ತಿಗೇ ನುಗ್ಗಿದರು. "ಎಂತ ಮಾರಾಯ, ನಿನ್ನ ಕುದುರೆಗೆ ಲಗಾಮೇ ಇಲ್ವಾ?" ಅಂತ ಭಾವ ನಕ್ಕರು. ನಾಲ್ಕನೇ ಸುತ್ತಿಗೆ ನನ್ನ ಹತ್ತಿರ ಕುದುರೆಯೂ ಇರಲಿಲ್ಲ, ಲಗಾಮೂ ಇರಲಿಲ್ಲ. ಆಮೇಲೆ ಓದುವಾಗ ಇನ್ನೊಂದು ನೆನಪಾಗಿ ತಲೆ ಚಚ್ಚಿಕೊಂಡೆ. ಅವತ್ತು ಫ್ರೆಂಚ್ ನೈಟ್‌ಗಳಲ್ಲಿ ಹೆಚ್ಚಿನವರು ಕುದುರೆ ಇಳಿದು ನಡೆದೇ ಹೋಗಿದ್ದರು. ಕುದುರೆಯಲ್ಲಿ ನುಗ್ಗಿದ್ದು ಎರಡು ಬದಿಯ ಸಣ್ಣ ಗುಂಪುಗಳು ಮಾತ್ರ. ಅಜಿನ್‌ಕೋರ್ ಆಡುವವರು ಮೊದಲು ತರಿಸಬೇಕಾದದ್ದು ಪೆರಿಯವರದ್ದೇ ಕಾಲಾಳು ನೈಟ್‌ಗಳ ಪೆಟ್ಟಿಗೆ. ನಾನು ಕುದುರೆ ಚೆಂದ ಅಂತ ಕುದುರೆ ತರಿಸಿದೆ.

ಮುರಿದವರ ಜಾಗಕ್ಕೆ ಟೆಂಪ್ಲರ್‌ಗಳನ್ನು ಇಳಿಸಲಾ ಅಂತ ಕೇಳಿದ್ದಕ್ಕೆ ಭಾವ ಒಪ್ಪಲಿಲ್ಲ. "1312ರಲ್ಲಿ ಪೋಪ್ ರದ್ದು ಮಾಡಿದವರು 1415ಕ್ಕೆ ಎಲ್ಲಿಂದ ಬಂದ್ರು?" ಸರಿಯೇ. ಅವರಿಗೆ ತಕ್ಕ ಮೇಜು 1187ರ ಜುಲೈ 4ರ ಹತ್ತೀನ್ ಯುದ್ಧ, ಸುಲ್ತಾನ ಸಲಾದೀನನ ಎದುರು, ನೀರಿಲ್ಲದೆ ಗಂಟಲು ಒಣಗಿ. ಹಾಗಾಗಿ ಕೊಳ್ಳುವ ಮೊದಲು ಯಾವ ಶತಮಾನ ಅಂತ ಎದುರಾಳಿಯ ಹತ್ತಿರ ಮಾತಾಡಿಕೊಳ್ಳಿ. ಒಂಟಿಯಾಗಿ ಕೊಂಡರೆ ನನ್ನ ಹಾಗೆ ಎರಡು ಕಾಲದ ನಡುವೆ ಸಿಕ್ಕಿಕೊಳ್ಳುತ್ತೀರಿ.

ಮುಂದಿನ ತಿಂಗಳು 1/72ರವರನ್ನು ಒಂದು ಸಲ ಇಳಿಸಿದೆವು, ಪೆಟ್ಟಿಗೆಯಲ್ಲಿದ್ದವರೆಲ್ಲ ಒಟ್ಟಿಗೆ. ಹತ್ತಿರದಿಂದ ನೋಡಿದರೆ ಮುಖವೇ ಇಲ್ಲ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಮಾತ್ರ ಅದು ನಿಜಕ್ಕೂ ಯುದ್ಧದ ಹಾಗೆ ಕಾಣುತ್ತಿತ್ತು. ಪೆರಿಯ ಹನ್ನೆರಡು ಜನ ಎಷ್ಟೇ ಚೆಂದ ಇರಲಿ, ಮದುವೆ ದಿಬ್ಬಣದಷ್ಟೂ ಕಾಣುವುದಿಲ್ಲ. ಇದು ನನಗೆ ಸ್ವಲ್ಪ ಬೇಜಾರಾದ ವಿಷಯ, ಯಾಕೆಂದರೆ ಅತಿ ಕಡಿಮೆ ದುಡ್ಡು, ಅತಿ ಕಡಿಮೆ ಶ್ರಮ ಹಾಕಿದ್ದು ಇದಕ್ಕೇ.

ಒಂದೇ ಪೆಟ್ಟಿಗೆ ತಗೊಳ್ಳುವವರು ಕೇಳಿದರೆ ನಾನು ಫೈರ್‌ಫೋರ್ಜ್ ಅನ್ನುತ್ತೇನೆ. ಮನೆಯಲ್ಲಿ ಮಕ್ಕಳಿದ್ದರೆ, ಲೋಕಲ್‌ನಲ್ಲಿ ಓಡಾಟ ಇದ್ದರೆ ಎರಡನೇ ಮಾತೇ ಬೇಡ. ಬಿಳಿ ಬಣ್ಣಕ್ಕೆ ಮಾತ್ರ ತಾಳ್ಮೆ ಇಟ್ಟುಕೊಳ್ಳಿ. ಮನೆಯಲ್ಲೇ ಆಡುವವರು, ಕೂತು ಬಣ್ಣ ಹಚ್ಚುವುದೇ ಸುಖ ಅನ್ನುವವರು ಪೆರಿ ಬಿಡಬೇಡಿ. ನಾನಂತೂ ಕಾಲಾಳು ಪೆಟ್ಟಿಗೆಗೆ ದುಡ್ಡು ಕೂಡಿಸುತ್ತಿದ್ದೇನೆ.

ಮುರಿದ ಲ್ಯಾನ್ಸ್‌ಗೆ ಮದ್ದು ಮನೆಯಲ್ಲೇ ಸಿಕ್ಕಿತು. ಅಮ್ಮ ಊರಿಂದ ಬರುವಾಗ ಹಿಡಿಸೂಡಿ ತಂದಿದ್ದರು, ಇಲ್ಲಿನ ಪೊರಕೆ ಅವರಿಗೆ ಆಗುವುದಿಲ್ಲ. ತೆಂಗಿನ ಕಡ್ಡಿ ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಪೂರ, ಥೇಟ್ ಲ್ಯಾನ್ಸ್. ಬಗ್ಗುತ್ತದೆ, ಮುರಿಯುವುದಿಲ್ಲ. ನೈಟ್‌ನ ಮುಷ್ಟಿಗೆ ಕೈ ಡ್ರಿಲ್‌ನಿಂದ ತೂತು ಕೊರೆದು, ಕಡ್ಡಿ ತೂರಿಸಿ, ಒಂದು ಹನಿ ಫೆವಿಕ್ವಿಕ್. ಮೂರಕ್ಕೆ ಮಾಡಿದ್ದು ಎಷ್ಟು ಚೆನ್ನಾಗಿ ಬಂತು ಅಂದರೆ, ಉಳಿದ ಒಂಬತ್ತನ್ನೂ ನಾನೇ ಕತ್ತರಿಸಿ ಬದಲಾಯಿಸಿದೆ. ಮೊನ್ನೆ ಬಾಲ್ಕನಿ ಗುಡಿಸುವಾಗ ಅಮ್ಮ ಹಿಡಿಸೂಡಿಯನ್ನು ಕೈಯಲ್ಲಿ ತೂಗಿ ನೋಡಿ, "ಇದು ಯಾಕೋ ಸಡಿಲ ಆಗಿದೆ" ಅಂದರು. ಮಗಳು ನನ್ನ ಮುಖ ನೋಡಿದಳು.