ನಾಲ್ಕು ವರ್ಷದ ಟ್ಯೂಬ್: ನೀರಿಗಿಂತ ಟೆರೇಸ್ ಮೇಲೇ ಜಾಸ್ತಿ

ಬೋಟ್‌ಗೆ ಕಟ್ಟಿ ಎಳೆಯುವ ಗಾಳಿ ಟ್ಯೂಬ್ ಕೊಂಡವನು ರಾಜಾಜಿನಗರದ ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು. ಊರಲ್ಲಿ ನದಿ ಇಲ್ಲ, ನನ್ನ ಹತ್ತಿರ ಬೋಟ್ ಇಲ್ಲ. ಇರುವುದು ಕುಂದಾಪುರದಲ್ಲಿ ನನ್ನ ಹೆಂಡತಿಯ ಅಣ್ಣನ ಸಣ್ಣ ಮೋಟಾರ್ ಬೋಟ್ ಒಂದೇ. ಅದನ್ನೇ ನಂಬಿಕೊಂಡು 16,500 ರೂಪಾಯಿ ಸುರಿದೆ. ಇಬ್ಬರು ಬೋರಲು ಮಲಗಿ ಹೋಗುವ ಚಪ್ಪಟೆ ಮಾದರಿ. ಅಳತೆ, ತೂಕ ಎಲ್ಲ ಮಾರುವವರೇ ಬರೆದಿರುತ್ತಾರೆ, ಬಿಡಿ. ಅವರು ಬರೆಯದ ಒಂದು ವಿಷಯ ನಾನು ಹೇಳುತ್ತೇನೆ. ಇದು ಒಣಗಲ್ಲ.

ಒಳಗೆ ಪಿವಿಸಿ ಚೀಲ, ಅದರ ಮೇಲೆ ಜಿಪ್ ಇರುವ ದಪ್ಪ ನೈಲಾನ್ ಕವರ್. ನೀರು ಹೋಗಿ ಕೂರುವುದು ಇವೆರಡರ ನಡುವೆ. ಮುಟ್ಟಿದರೆ ಮೇಲೆ ಗರಿಗರಿ, ಒಳಗೆ ಒದ್ದೆ. ಮೊದಲ ಸಲ ನನಗಿದು ಗೊತ್ತಿರಲಿಲ್ಲ. ದಸರಾ ರಜೆ ಮುಗಿಸಿ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬಂದವನು ಅರ್ಧ ದಿನ ಬಿಸಿಲಿಗೆ ಹಾಕಿ, ಮಡಚಿ ಅಟ್ಟಕ್ಕೆ ಎಸೆದೆ. ಇಪ್ಪತ್ತು ದಿನ ಕಳೆದ ಮೇಲೆ ಹೆಂಡತಿ ಮೂಗು ಮುಚ್ಚಿಕೊಂಡು, "ಅಟ್ಟದಲ್ಲಿ ಇಲಿ ಸತ್ತಿದೆ, ನೋಡ್ರೀ" ಅಂದಳು. ಇಲಿ ಅಲ್ಲ. ಜಿಪ್ ಎಳೆದರೆ ಕವರ್ ಒಳಗೆಲ್ಲ ಕಪ್ಪು ಚುಕ್ಕೆ, ಬೂಷ್ಟು. ಉಜ್ಜಿ ಉಜ್ಜಿ ಭುಜ ಹಿಡಿದುಕೊಂಡಿತು. ಚುಕ್ಕೆಗಳು ಇವತ್ತಿಗೂ ಇವೆ.

ಈಗ ಪ್ರತಿ ಸಲ ಇದೇ ಕೆಲಸ. ವಾಲ್ವ್ ಬಿಚ್ಚಿ, ಚೀಲವನ್ನು ಹೊರಗೆಳೆದು, ಎರಡನ್ನೂ ಸಿಹಿನೀರಿನಲ್ಲಿ ತೊಳೆಯುತ್ತೇನೆ. ಅಳಿವೆಯ ಉಪ್ಪುನೀರು ಜಿಪ್ಪನ್ನು ತಿಂದು ಹಾಕುತ್ತದೆ. ಕವರನ್ನು ಒಳಮೈ ಹೊರಗೆ ಮಾಡಿ ಬಟ್ಟೆ ಒಣಗಿಸುವ ತಂತಿಗೆ ನೇತು ಹಾಕುತ್ತೇನೆ. ಚೀಲವನ್ನು ಹಳೇ ಬನಿಯನ್ನಿನಲ್ಲಿ ಒರೆಸಿ ನೆರಳಿಗೆ ಇಡುತ್ತೇನೆ. ಎರಡು ದಿನ ಬೇಕು. ಮೋಡ ಇದ್ದರೆ ನಾಲ್ಕು. ಪಕ್ಕದ ಮನೆಯವರು ಒಮ್ಮೆ, "ಏನ್ ಸಾರ್, ಶಾಮಿಯಾನ ಬಾಡಿಗೆಗೆ ಕೊಡ್ತೀರಾ?" ಅಂತ ಕೇಳಿದ್ದರು.

ಒಂದು ಏಪ್ರಿಲ್‌ನಲ್ಲಿ ಬೇಗ ಒಣಗಲಿ ಅಂತ ಬೆಳಗ್ಗೆಯೇ ಬಿಗಿಯಾಗಿ ಗಾಳಿ ತುಂಬಿ ಊಟಕ್ಕೆ ಇಳಿದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ, ಚೀಲದ ವಾಲ್ವ್ ಪಕ್ಕದ ಬೆಸುಗೆ ಕೂದಲೆಳೆಯಷ್ಟು ಬಿಟ್ಟುಕೊಂಡಿತು. ಪಂಕ್ಚರ್ ಅಂಗಡಿಯವನು ಕೈಯಲ್ಲೂ ಹಿಡಿಯಲಿಲ್ಲ. "ಇದು ರಬ್ಬರ್ ಅಲ್ಲ ಸಾರ್, ನಮ್ಮ ಸೊಲ್ಯೂಷನ್ ಹಿಡಿಯಲ್ಲ." ಅವನು ಹೇಳಿದ್ದು ಸರಿ. ಇದಕ್ಕೆ ಪಿವಿಸಿ ಅಂಟೇ ಆಗಬೇಕು. ಸ್ಪಿರಿಟ್ಟಿನಲ್ಲಿ ಒರೆಸಿ, ಜೊತೆಗೆ ಬಂದಿದ್ದ ತೇಪೆ ಹಾಕಿ, ಅಮ್ಮನ ರುಬ್ಬುಗುಂಡನ್ನು ಒಂದು ರಾತ್ರಿ ಮೇಲಿಟ್ಟೆ. ಇವತ್ತಿನವರೆಗೆ ಜಗ್ಗಿಲ್ಲ.

ನೀರಲ್ಲಿ ಇದೇ ಕಥೆ ಉಲ್ಟಾ. ಬಿಸಿ ದಡದಲ್ಲಿ ತುಂಬಿದ ಗಾಳಿ ತಣ್ಣೀರು ತಾಕಿದ ಕೂಡಲೇ ಕುಗ್ಗುತ್ತದೆ. ಮೊದಲ ದಿನ ಟ್ಯೂಬ್ ನಡು ಬಗ್ಗಿಸಿಕೊಂಡು ಮೂಗನ್ನು ನೀರಿಗೆ ತೂರಿಸಿತು. ಭಾವ ಇಂಜಿನ್ ಆಫ್ ಮಾಡಿ ತಿರುಗಿ ನೋಡಿ, "ಹ್ವಾಯ್, ಇದ್ ಎಂತ ಮಾರಾಯ್ರೆ, ಹಾಸ್ಗಿಯಾ?" ಅಂದ. ಆಮೇಲಿಂದ ಹತ್ತು ನಿಮಿಷ ನೀರಲ್ಲಿ ತೇಲಿಬಿಟ್ಟು, ಮತ್ತೆ ನಾಲ್ಕು ಪಂಪ್ ಹೊಡೆದೇ ಹತ್ತುವುದು. ಮೆತ್ತಗಿದ್ದರೆ ಹಗ್ಗಕ್ಕೂ ಕವರಿಗೂ ಸುಮ್ನೆ ಜಾಸ್ತಿ ಎಳೆತ.

ಹಗ್ಗ ಅಂದೆನಲ್ಲ, ಅಲ್ಲಿ ಮಾತ್ರ ಜಿಪುಣತನ ಬೇಡ. ಇಬ್ಬರು ಕೂರುವ ಟ್ಯೂಬಿಗೆ 2,375 ಪೌಂಡ್, ಅಂದರೆ ಸುಮಾರು 1,075 ಕೆಜಿ ಎಳೆತ ತಾಳುವ ಹಗ್ಗ ಬೇಕು. ಉದ್ದ 50ರಿಂದ 65 ಅಡಿ. ದೋಣಿಮನೆಯಲ್ಲಿ ಬಿದ್ದಿದ್ದ ಹಳೇ ಹಗ್ಗ ಸಾಕು ಅಂತ ಭಾವ ಅಂದಾಗ ನಾನು ಒಪ್ಪಲಿಲ್ಲ. ನಾನು ಗೆದ್ದ ಒಂದೇ ವಾದ ಅದು.

ಇಷ್ಟೆಲ್ಲ ಬೈದೆ. ಆದರೆ ಬೆಳಗ್ಗೆ ಏಳು ಗಂಟೆಗೆ, ಗಾಳಿ ಏಳುವ ಮೊದಲು ಪಂಚಗಂಗಾವಳಿ ನೋಡಬೇಕು. ಐದು ಹೊಳೆ ಕೂಡಿ ಗಂಗೊಳ್ಳಿಯ ಹತ್ತಿರ ಸಮುದ್ರಕ್ಕೆ ಸೇರುವ ಜಾಗ. ಒಳಗಿನ ನೀರು ತಟ್ಟೆಯ ಹಾಗೆ ಇರುತ್ತದೆ. ಮಗಳಿಗೆ ಒಂಬತ್ತು ವರ್ಷ. ಮಕ್ಕಳಿದ್ದಾಗ ಗಂಟೆಗೆ 24 ಕಿಲೋಮೀಟರ್ ದಾಟಬಾರದು, ಭಾವ ಹದಿನೈದರಲ್ಲೇ ಓಡಿಸುತ್ತಾನೆ. ಹೆಂಡತಿ ಬೋಟಿನಲ್ಲಿ ಹಿಮ್ಮುಖವಾಗಿ ಕೂತು ನಮ್ಮ ಕೈ ಸನ್ನೆಯನ್ನೇ ನೋಡುತ್ತಿರುತ್ತಾಳೆ. ಹೆಬ್ಬೆರಳು ಮೇಲಾದರೆ ಜೋರು, ಕೆಳಗಾದರೆ ನಿಧಾನ. ಮಗಳಿಗೆ ಮೇಲಿನದು ಮಾತ್ರ ಗೊತ್ತು. ಬೋಟ್ ತಿರುಗುವಾಗ ಟ್ಯೂಬ್ ಅಲೆಯ ಗೆರೆ ದಾಟಿ ಹೊರಕ್ಕೆ ಜಾರುತ್ತದೆ. ಆಗ ಅವಳ ಮೊಣಕೈ ನನ್ನ ಪಕ್ಕೆಗೆ ಚುಚ್ಚುತ್ತದೆ, ಇಬ್ಬರೂ ಬಾಯಿ ತುಂಬ ಉಪ್ಪುನೀರು ಕುಡಿಯುತ್ತೇವೆ. ನಾನಂತೂ ಆಫೀಸಲ್ಲಿ ಕೂತು ನೆನೆಸಿಕೊಳ್ಳುವುದು ಆ ಮೊಣಕೈಯನ್ನೇ.

ಚಿಕ್ಕ ಮಕ್ಕಳಿದ್ದರೆ ಒಳಗೆ ಕೂರುವ ಮಾದರಿಯೇ ಒಳ್ಳೆಯದು, ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ನಾನು ಚಪ್ಪಟೆಯದನ್ನು ತಗೊಂಡಿದ್ದು ರೈಲಿನ ಸೀಟಿನ ಕೆಳಗೆ ಹಿಡಿಯಲಿ ಅಂತ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಬಿದ್ದವರು ಹತ್ತಿರ ಬರುವಾಗ ಇಂಜಿನ್ ಆಫ್ ಆಗಿರಲೇಬೇಕು.

ಲೆಕ್ಕ ಹಾಕಿದರೆ ನಾಲ್ಕು ವರ್ಷದಲ್ಲಿ ಇದು ನೀರಿಗಿಳಿದಿದ್ದು ಏಳೇ ಸಲ. ಮಾರಿಬಿಡೋಣ ಅಂತ ಹೋದ ಫೆಬ್ರವರಿಯಲ್ಲಿ ಫೋಟೋ ತೆಗೆಯಲು ಟೆರೇಸ್ ಮೇಲೆ ಗಾಳಿ ತುಂಬಿಟ್ಟಿದ್ದೆ. ಕೆಳಗೆ ಹೋಗಿ ಫೋನ್ ತರುವಷ್ಟರಲ್ಲಿ ಅಮ್ಮ ಅದರ ಮೇಲೆ ಕಾಲು ಚಾಚಿ ಮಲಗಿದ್ದಳು. ಪಕ್ಕದಲ್ಲಿ ಪಂಚೆ ಹಾಸಿ ಇಟ್ಟ ಅಕ್ಕಿ ಸಂಡಿಗೆ, ಕೈಯಲ್ಲಿ ಕಾಗೆ ಓಡಿಸುವ ಕೋಲು. "ಎಷ್ಟು ಹಾಯಾಗಿದೆಯೋ ಇದು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಂಟ ಹೋಗ್ತಿತ್ತು" ಅಂದಳು. ಭಾವ ಅಂದಿದ್ದು ಸುಳ್ಳಾಗಲಿಲ್ಲ, ಅಲ್ವಾ?

ಮಾರಲಿಲ್ಲ. ಸಂಡಿಗೆ ಕಾಲದಲ್ಲಿ ಗಾಳಿ ಸ್ವಲ್ಪ ಕಮ್ಮಿ ತುಂಬಿ, ನೀರಿನ ಟ್ಯಾಂಕಿನ ನೆರಳಿಗೆ ಹಾಕಿಕೊಡುತ್ತೇನೆ. ಕಾಲಲ್ಲಿ ತುಳಿಯುವ ಪಂಪ್ ಈಗ ಅಮ್ಮನ ಮಂಚದ ಕೆಳಗೇ ಇರುತ್ತದೆ.