ಮಳೆ ದಿನಕ್ಕೆ ಒಸಾಕಾದ ಕೈಯುಕಾನ್ ಒಳ್ಳೆಯದಾ, ಕ್ಯೋಟೋ ಅಕ್ವೇರಿಯಂ ಒಳ್ಳೆಯದಾ?

ಜೂನ್ ತಿಂಗಳಲ್ಲಿ ಜಪಾನಿನ ಈ ಭಾಗಕ್ಕೆ ಹೋದರೆ ಮಳೆ ಗ್ಯಾರಂಟಿ. ದೇವಸ್ಥಾನ, ಬಿದಿರು ತೋಪು ಅಂತ ಪ್ಲಾನ್ ಮಾಡಿಕೊಂಡು ಹೋದವರೆಲ್ಲ ಕೊನೆಗೆ ಸೂರು ಇರುವ ಜಾಗ ಹುಡುಕುತ್ತಾರೆ. ನಮಗೆ ಎರಡೂ ಊರಲ್ಲಿ ಮಳೆ ಸಿಕ್ಕಿತು, ಹಾಗಾಗಿ ಎರಡೂ ಅಕ್ವೇರಿಯಂ ನೋಡಿದ್ದಾಯಿತು.

ಗಾತ್ರದಲ್ಲಿ ಪೈಪೋಟಿಯೇ ಇಲ್ಲ. ಕೈಯುಕಾನ್ 1990ರಲ್ಲಿ ಒಸಾಕಾ ಬಂದರಿನ ದಡದಲ್ಲಿ ಶುರುವಾದದ್ದು. ನಡುವಿನ ದೊಡ್ಡ ತೊಟ್ಟಿ ಒಂದರಲ್ಲೇ 5,400 ಟನ್ ನೀರಿದೆ, ಆಳ 9 ಮೀಟರ್. ಮೊದಲು 8ನೇ ಮಹಡಿಗೆ ಹತ್ತಿಸಿಬಿಡುತ್ತಾರೆ, ಆಮೇಲೆ ನಾವು ಆ ತೊಟ್ಟಿಯನ್ನು ಸುತ್ತುತ್ತಾ ಸುತ್ತುತ್ತಾ ಕೆಳಗೆ ಇಳಿಯಬೇಕು. ಮೇಲಿನಿಂದ ಬರೀ ಬೆನ್ನು ಕಂಡಿದ್ದ ವೇಲ್ ಶಾರ್ಕ್ ಸ್ವಲ್ಪ ಇಳಿದರೆ ಪಕ್ಕದಲ್ಲೇ ಹಾದುಹೋಗುತ್ತದೆ, ಇನ್ನೂ ಇಳಿದರೆ ಹೊಟ್ಟೆ ತೋರಿಸಿಕೊಂಡು ತಲೆಯ ಮೇಲೆ ಈಜುತ್ತಿರುತ್ತದೆ. ಒಂದೇ ತೊಟ್ಟಿ, ಆದರೂ ಬೇಜಾರಾಗಲ್ಲ. ಮೇಲಿನ ಮಹಡಿಯಲ್ಲಿ ಪುಟ್ಟ ನೀರುನಾಯಿಗಳಿವೆ. ಇದೇ ಜಾತಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ಆದರೆ ಕೊಡಗಿನ ಹೊಳೆ ಬದಿಯಲ್ಲಿ ದಿನವಿಡೀ ಕಾದರೂ ಕಾಣುವುದು ಕಷ್ಟ ಅಲ್ವಾ?

ಕ್ಯೋಟೋದ್ದು 2012ರಲ್ಲಿ ಬಂದದ್ದು, ಚಿಕ್ಕದು. ಊರ ಹತ್ತಿರ ಸಮುದ್ರ ಇಲ್ಲದ್ದರಿಂದ ಉಪ್ಪು ನೀರನ್ನೂ ಅಲ್ಲೇ ತಯಾರಿಸಿಕೊಳ್ಳುತ್ತಾರೆ. ದೊಡ್ಡ ತೊಟ್ಟಿಯೇ 500 ಟನ್, ಅಂದರೆ ಕೈಯುಕಾನಿನ ಹತ್ತನೇ ಒಂದು ಭಾಗವೂ ಇಲ್ಲ. ಸಮುದ್ರದ ಮೀನು ನೋಡಲು ಅಲ್ಲಿಗೆ ಹೋಗಬೇಕಿಲ್ಲ.

ಆದರೆ ಒಳಗೆ ಹೋದ ಕೂಡಲೇ ಸಿಗುವ, ಹಲ್ಲಿಯ ಆಕಾರದ ನೀರುಪ್ರಾಣಿಗಳಾದ ದೈತ್ಯ ಸಲಮಾಂಡರ್‌ಗಳಿವೆಯಲ್ಲ, ಅವುಗಳ ಮುಂದೆ ನಾವು ತುಂಬಾ ಹೊತ್ತು ನಿಂತುಬಿಟ್ಟೆವು. ಒಂದೂವರೆ ಮೀಟರ್ ತನಕ ಬೆಳೆಯುವ ಪ್ರಾಣಿ, ಮದುವೆ ಮನೆಯಲ್ಲಿ ರಾತ್ರಿ ಮಲಗಿದ ನೆಂಟರ ಹಾಗೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಅಲ್ಲಾಡುವುದೇ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ಒಂದು ಮೇಲೆ ಬಂದು ಉಸಿರೆಳೆದು ಹೋಗುತ್ತದೆ. ಇವು ಊರ ನಡುವೆ ಹರಿಯುವ ಕಾಮೋ ನದಿಯಲ್ಲೇ ಇರುವ ಪ್ರಾಣಿಗಳು. ಹಿಂದೆ ತಿನ್ನುವುದಕ್ಕೆ ಅಂತ ತರಿಸಿದ್ದ ಚೀನಾದ ಸಲಮಾಂಡರ್‌ಗಳು ನದಿ ಸೇರಿ, ಸ್ಥಳೀಯ ತಳಿಯ ಜೊತೆ ಬೆರೆತು, ಈಗ ನದಿಯಲ್ಲಿ ಮಿಶ್ರತಳಿಯೇ ಜಾಸ್ತಿ. ಇಷ್ಟು ತಿಳಿದುಕೊಂಡು ಸಂಜೆ ಅದೇ ನದಿಯ ಸೇತುವೆ ದಾಟಿದರೆ ಕೆಳಗೆ ಬಗ್ಗಿ ನೋಡದೆ ಇರಲು ಆಗಲ್ಲ.

ಪೆಂಗ್ವಿನ್ ಕಡೆ ಇನ್ನೊಂದು ಮಜಾ. ಯಾವ ಪೆಂಗ್ವಿನ್‌ಗೆ ಯಾರ ಮೇಲೆ ಮನಸ್ಸು, ಯಾರಿಗೆ ಯಾರ ಮೇಲೆ ಸಿಟ್ಟು, ಯಾರು ಯಾರನ್ನು ಬಿಟ್ಟರು ಅಂತ ದೊಡ್ಡ ಚಾರ್ಟನ್ನೇ ಮಾಡುತ್ತಾರೆ! ನಮ್ಮ ಧಾರಾವಾಹಿಗಳು ಇದರ ಮುಂದೆ ಸಪ್ಪೆ. ಎಲ್ಲ ಜಪಾನಿ ಭಾಷೆಯಲ್ಲಿದೆ, ಫೋನ್ ಹಿಡಿದು ಅನುವಾದ ಮಾಡಿಕೊಂಡು ಓದಿ.

ಬರೀ ಮಳೆಯ ಲೆಕ್ಕ ಹಾಕಿದರೆ ಕೈಯುಕಾನ್ ಮುಂದು, ಯಾಕೆಂದರೆ ಬಹುಪಾಲು ಕಟ್ಟಡದ ಒಳಗೇ ನೋಡಬಹುದು. ಕ್ಯೋಟೋದಲ್ಲಿ ಪುಟ್ಟ ಗದ್ದೆ, ತೊರೆ ಮಾಡಿರುವ ಜಾಗ ಬಯಲಿನಲ್ಲಿದೆ, ಕೊಡೆ ಬೇಕು. ನನಗಂತೂ ಮಳೆಯಲ್ಲಿ ಆ ಗದ್ದೆಯೇ ಚೆಂದ ಕಂಡಿತು. ಡಾಲ್ಫಿನ್ ನೋಡುವ ಜಾಗದಲ್ಲಿ ಕೂತವರಿಗೆ ಸೂರು ಇದೆ. ಹಿಂದೆ ರೈಲು ಹೋಗುತ್ತಿರುತ್ತದೆ, ಮಕ್ಕಳು ಡಾಲ್ಫಿನ್ ಬಿಟ್ಟು ಅದನ್ನೇ ನೋಡುತ್ತಾರೆ.

ವೇಲ್ ಶಾರ್ಕ್ ಇದುವರೆಗೆ ನೋಡಿಲ್ಲ ಅಂದರೆ ಯೋಚನೆ ಬೇಡ, ಕೈಯುಕಾನ್‌ಗೆ ಹೋಗಿ. ಆದರೆ ಮಳೆ ಬಂದರೆ ಇಡೀ ಊರಿಗೇ ಅದೇ ಯೋಚನೆ ಹೊಳೆಯುತ್ತದೆ, ಆದ್ದರಿಂದ ಸಮಯ ನಮೂದಿಸಿದ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ, ದರ ದಿನದ ಮೇಲೆ ಬದಲಾಗುತ್ತದೆ. ನನಗೆ ಇನ್ನೊಮ್ಮೆ ಹೋಗುವ ಅವಕಾಶ ಸಿಕ್ಕರೆ ಕ್ಯೋಟೋದ್ದೇ. ಕ್ಯೋಟೋ ಸ್ಟೇಷನ್‌ನಿಂದ ಕಾಲು ಗಂಟೆ ನಡಿಗೆ, ಅಕ್ವೇರಿಯಂ ಬೇಗ ಮುಗಿದರೂ ಅದೇ ಪಾರ್ಕಿನ ಪಕ್ಕದಲ್ಲಿ ಹಳೆಯ ಉಗಿಬಂಡಿಗಳಿರುವ ರೈಲ್ವೆ ಮ್ಯೂಸಿಯಂ ಇದೆ.